ಸೋಗು ಕಳಚುವುದು ಯಾರ ಮುಂದೆ?

ಮನೋಳಿ, ಸವದತ್ತಿ ಕಡೆಯ ಹಳಬರಿಗೆ ಇಂಥ ಪ್ರಸಂಗ ಹೊಸದಲ್ಲ. ಸಂತೆಯ ದಿನ, ಏರುಹೊತ್ತು. ಖಾಕಿ ಅಂಗಿ ತೊಟ್ಟು, ಕೈಯಲ್ಲಿ ಲಾಠಿ, ಕಂಕುಳಲ್ಲಿ ದಫ್ತರ ಹಿಡಿದವನೊಬ್ಬ ಕಿರಾಣಿ ಅಂಗಡಿ ಮುಂದೆ ಬಂದು ನಿಲ್ಲುತ್ತಾನೆ. ಸೈಕಲ್ ಹಿಡಿದು ನಿಂತ ರೈತನನ್ನು ಮೇಲಿಂದ ಕೆಳಗೆ ನೋಡಿ, ‘ಏನಪಾ, ಬಿಲ್ಲೆ ಎಲ್ಲೈತಿ?’ ಎಂದು ಗದರಿಸುತ್ತಾನೆ. ಸೈಕಲ್ಲಿಗೂ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಬೇಕಿದ್ದ ಕಾಲ ಅದು. ‘ಮನ್ಯಾಗ ಐತ್ರಿ ಸಾಹೇಬ್ರ.’ ‘ಮನ್ಯಾಗ ಬಿಲ್ಲೆ, ಸಂತ್ಯಾಗ ಸೈಕಲ್ಲು? ನಡಿ ಠಾಣೆಕ್ಕ!’ ರೈತ ಬೆವರುತ್ತಾನೆ. ಒಳಗೆ ಅಂಗಡಿಯವ ಸದ್ದಿಲ್ಲದೆ ತೂಕದ ಕಲ್ಲು ಬದಲಿಸುತ್ತಾನೆ. ಅಷ್ಟರಲ್ಲಿ ಯಾವನೋ ಹುಡುಗ, ‘ಏ, ನಿನ್ನೆ ಹನಮಪ್ಪ ಆಗಿದ್ದಂವ ಇವನ!’ ಎಂದು ಕೂಗುತ್ತಾನೆ. ಸಂತೆಗೆ ಸಂತೆಯೇ ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುವವನು ಸೈಕಲ್ಲಿನವನೇ, ಜೀವ ಉಳಿಯಿತಲ್ಲ!

ಹಗಲುವೇಷಗಾರರ ಈ ಕಸುಬನ್ನು ಗಡಿಯಾಚೆಯ ಮರಾಠಿಯಲ್ಲಿ ಬಹುರೂಪಿ ಎನ್ನುತ್ತಾರೆ. ಕರ್ನಾಟಕದಲ್ಲಿ ಇದನ್ನು ಉಳಿಸಿಕೊಂಡು ಬಂದವರು ಹೆಚ್ಚಾಗಿ ಬುಡ್ಗಜಂಗಮ ಅಲೆಮಾರಿಗಳು. ಊರಲ್ಲಿ ಕೆಲವು ದಿನ ಬೀಡುಬಿಟ್ಟು ದಿನಕ್ಕೊಂದು ವೇಷ ಹಾಕುತ್ತಾರೆ: ರಾಮ, ರಾವಣ, ಭೀಮ, ನಡುನಡುವೆ ಸರಕಾರಿ ಸಾಹೇಬ. ಕಡೆಯ ದಿನ ಮನೆಮನೆಗೆ ಹೋಗಿ ಕಾಳುಕಡಿ, ರೊಕ್ಕ ಕೇಳುತ್ತಾರೆ. ಖಾಕಿಯಲ್ಲಿ ಬಂದಾಗ ಕುರ್ಚಿ, ಚಹಾ ಸಿಕ್ಕವನಿಗೆ ಖಾಕಿ ಇಲ್ಲದೆ ಬಂದಾಗ ಸಿಗುವುದು ಕಟ್ಟೆಯ ಕೆಳಗಿನ ಜಾಗ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಇವರ ಹೆಸರು ಬೇಡ ಜಂಗಮರ ಹೆಸರಿನ ಜೊತೆಗೇ ಇದೆ. ಮೇಲಿನ ಜಾತಿಯವರೂ ಬೇಡ ಜಂಗಮ ಪ್ರಮಾಣಪತ್ರ ಪಡೆಯುತ್ತಿದ್ದಾರೆ ಎಂಬ ತಕರಾರು ರಾಜ್ಯದಲ್ಲಿ ವರ್ಷಗಳಿಂದ ನಡೆದಿದೆ. ಹೊಟ್ಟೆಪಾಡಿಗೆ ವೇಷ ಹಾಕುವವರು ಯಾರು, ಕಚೇರಿಗೆ ಹೋಗಿ ವೇಷ ಹಾಕಿಸಿಕೊಂಡು ಬರುವವರು ಯಾರು ಎಂದು ಹಗಲುವೇಷಗಾರನೇ ಗೊಂದಲಕ್ಕೆ ಬಿದ್ದಾನು.

ಜನರನ್ನು ಕೆಣಕಿ, ಅವರ ಒಳಗಿನ ಪೂರ್ವಗ್ರಹವನ್ನು ಹೊರಗೆಳೆದು ನಗಿಸುವ ಹಾಸ್ಯದ ಬಗ್ಗೆ ಜಗತ್ತಿನಲ್ಲಿ ಎರಡು ದಶಕದಿಂದ ವಾದ ನಡೆದಿದೆ. ಅದು ನಗೆಯೇ? ನ್ಯಾಯವೇ? ಮನೋಳಿಯ ಸಂತೆಯಿಂದ ನೋಡಿದರೆ ಈ ಪ್ರಶ್ನೆಗೆ ಒಂದು ಹಿಡಿ ಸಿಗುತ್ತದೆ. ವೇಷಗಾರ ಮೋಸ ಮಾಡುತ್ತಾನೆ, ನಿಜ. ಆದರೆ ಯಾರಿಗೆ ಮೋಸ ಮಾಡಿದನೋ ಅವರ ಮುಂದೆಯೇ ವೇಷ ಕಳಚುತ್ತಾನೆ, ಆಮೇಲೆ ಅವರ ಮುಂದೆಯೇ ಕೈಯೊಡ್ಡುತ್ತಾನೆ. ಕೊಡುವುದು, ಬಿಡುವುದು, ನಾಲ್ಕು ಮಾತು ಬಯ್ಯುವುದು ಮೋಸ ಹೋದವರ ಕೈಯಲ್ಲಿ ಇರುತ್ತದೆ.

ಬ್ರಿಟನ್ನಿನ ನಟ ಸಾಷಾ ಬ್ಯಾರನ್ ಕೋಹೆನ್ ಹಾಕಿದ ‘ಬೋರಾಟ್’ ವೇಷಕ್ಕೆ ಈ ಅಳತೆಗೋಲು ಹಿಡಿಯಬಹುದು. ಕಜಾಕಿಸ್ತಾನದ ಪತ್ರಕರ್ತನೆಂದು ಹೇಳಿಕೊಂಡು ಅಮೆರಿಕ ತಿರುಗುವ ಈ ಪಾತ್ರ ಹೆಣ್ಣುಮಕ್ಕಳನ್ನು ತುಚ್ಛವಾಗಿ ಕಾಣುತ್ತದೆ, ಯಹೂದಿಗಳೆಂದರೆ ಬೆಚ್ಚುತ್ತದೆ. ಕೋಹೆನ್ ಸ್ವತಃ ಯಹೂದಿ. 2006ರ ಸಿನಿಮಾದಲ್ಲಿ ಆತ ಕಜಾಕ್ ಭಾಷೆಯೆಂದು ಉದುರಿಸುವುದು ಬಹುಪಾಲು ಹೀಬ್ರೂ! ಅದಕ್ಕೂ ಮೊದಲು, 2004ರಲ್ಲಿ, ಇದೇ ವೇಷದಲ್ಲಿ ಅರಿಜೋನಾದ ಟೂಸಾನ್ ನಗರದ ಒಂದು ಬಾರಿನಲ್ಲಿ ಯಹೂದಿಗಳನ್ನು ಬಾವಿಗೆ ಎಸೆಯಿರಿ ಎಂಬ ಅರ್ಥದ ಹಾಡು ಹೇಳಿದ. ಕೂತಿದ್ದವರು ಚಪ್ಪಾಳೆ ತಟ್ಟಿ ದನಿಗೂಡಿಸಿದರು. ಅಮೆರಿಕದ ಯಹೂದಿ ಸಂಸ್ಥೆ ಆ್ಯಂಟಿ ಡಿಫಮೇಷನ್ ಲೀಗ್ ಆಗ ಆತಂಕ ವ್ಯಕ್ತಪಡಿಸಿತ್ತು: ವ್ಯಂಗ್ಯ ತಿಳಿಯದವರು ಹಾಡನ್ನಷ್ಟೇ ಮನೆಗೆ ಒಯ್ದರೆ ಗತಿಯೇನು? 2019ರ ನವೆಂಬರಿನಲ್ಲಿ ಅದೇ ಸಂಸ್ಥೆಯ ವೇದಿಕೆಯಲ್ಲಿ ಮಾತಾಡುತ್ತ ಕೋಹೆನ್ ಆ ಬಾರಿನ ಪ್ರಸಂಗ ನೆನೆದ. ಯಹೂದಿ ದ್ವೇಷದ ಬಗ್ಗೆ ಜನರಿಗಿರುವ ಉದಾಸೀನವನ್ನು ಅದು ತೋರಿಸಿತು ಎಂಬುದು ಆತನ ಸಮರ್ಥನೆ. ಈ ಸಮರ್ಥನೆಯನ್ನು ಅಲ್ಲಗಳೆಯುವುದು ಕಷ್ಟ. ಹಾಡಿದವರು ಯಾರೂ ಕುತ್ತಿಗೆ ಹಿಡಿಸಿಕೊಂಡು ಹಾಡಿದ್ದಲ್ಲ.

ತೊಡಕು ಇರುವುದು ಗ್ಲೋಡ್‌ನಲ್ಲಿ. ಸಿನಿಮಾದಲ್ಲಿ ಬೋರಾಟನ ಹುಟ್ಟೂರಾಗಿ ಕಾಣುವುದು ರುಮೇನಿಯಾದ ಈ ಬಡ ರೋಮಾ ಹಳ್ಳಿ. ರೋಮಾಗಳೆಂದರೆ ಯುರೋಪಿನಲ್ಲಿ ಶತಮಾನಗಳಿಂದ ತಾತ್ಸಾರ ಉಂಡವರು. ಸಾಕ್ಷ್ಯಚಿತ್ರ ತೆಗೆಯುತ್ತಾರೆಂದೇ ತಾವು ತಿಳಿದಿದ್ದೆವು ಎಂದು ಊರವರು ಆಮೇಲೆ ಹೇಳಿದರು. ಒಂದು ಕೈ ಇಲ್ಲದ ಒಬ್ಬನ ತೋಳಿಗೆ ಚಿತ್ರತಂಡ ರಬ್ಬರಿನ ಏನನ್ನೋ ಕಟ್ಟಿತ್ತು. ಅದು ಲೈಂಗಿಕ ಆಟಿಕೆ ಎಂಬುದು ಆತನಿಗೆ ಗೊತ್ತಾದದ್ದು ಬಹಳ ತಡವಾಗಿ. ಊರವರು ನ್ಯೂಯಾರ್ಕಿನಲ್ಲಿ ಹೂಡಿದ ದಾವೆ ನಿಲ್ಲಲಿಲ್ಲ. ಕಜಾಕಿಸ್ತಾನವಾದರೋ ಮೊದಲು ಸಿಟ್ಟಾಗಿ, ಆಮೇಲೆ ಬುದ್ಧಿ ಓಡಿಸಿ, 2020ರಲ್ಲಿ ಬೋರಾಟನ ‘ವೆರಿ ನೈಸ್’ ಮಾತನ್ನೇ ಪ್ರವಾಸೋದ್ಯಮದ ಜಾಹೀರಾತು ಮಾಡಿಕೊಂಡಿತು. ದೇಶಕ್ಕೆ ವಿದೇಶಾಂಗ ಇಲಾಖೆ ಇದೆ, ಗ್ಲೋಡ್‌ಗೆ ಏನಿದೆ? ಟೂಸಾನ್‌ನಲ್ಲಿ ನಗೆಯ ಕೋಲು ಪೂರ್ವಗ್ರಹದ ಬೆನ್ನಿಗೆ ಬಿತ್ತು. ಗ್ಲೋಡ್‌ನಲ್ಲಿ ಅದೇ ಕೋಲು ಪೂರ್ವಗ್ರಹದ ಏಟು ಮೊದಲೇ ತಿಂದವರ ಬೆನ್ನಿಗೆ ಬಿತ್ತು, ಅವರ ಮುಂದೆ ವೇಷ ಕಳಚುವ ಗೋಜಿಗೂ ಯಾರೂ ಹೋಗಲಿಲ್ಲ.

ವೇಷ ಕಳಚುವ ಗಳಿಗೆಯನ್ನೇ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಘೋರ ಉದಾಹರಣೆ ಇದೆ. ಕರಾಚಿಯ ಒಂದು ಸ್ವಯಂಸೇವಾ ಸಂಸ್ಥೆ ಮಕ್ಕಳ ಅಪಹರಣದ ಬಗ್ಗೆ ಜಾಗೃತಿ ಮೂಡಿಸಲು ಒಂದು ವಿಡಿಯೊ ಮಾಡಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ತುಸು ಹೊತ್ತಿಗೆ ಮರಳಿ ಬಂದು ಮಗುವನ್ನು ಇಳಿಸಿ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಈ ಕೊನೆಯ ತುಣುಕನ್ನು ಯಾರೋ ಕತ್ತರಿಸಿದರು. ಉಳಿದದ್ದು 2018ರಲ್ಲಿ ಬೆಂಗಳೂರೂ ಸೇರಿ ದೇಶದ ಹಲವೆಡೆ ವಾಟ್ಸ್ಆ್ಯಪಿನಲ್ಲಿ ಹರಿದಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಬಡಿದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಂಡದ ಮೇಲೆ ಗುಂಪು ಬಿದ್ದು ಹೈದರಾಬಾದಿನ ಇಂಜಿನಿಯರ್ ಒಬ್ಬ ಸತ್ತ. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇದೇ ಶಂಕೆಗೆ ಕೊಲೆಯಾದ ಐವರು ನಾಥಪಂಥಿ ಡವರಿ ಗೋಸಾವಿಗಳು, ಊರೂರು ತಿರುಗಿ ಬೇಡಿ ತಿನ್ನುವ ಅಲೆಮಾರಿಗಳು. ಅಂದರೆ ಹಗಲುವೇಷಗಾರರಂಥವರೇ. ಅಪರಿಚಿತ ಉಡುಪು, ಹೆಗಲಿಗೆ ಜೋಳಿಗೆ ಎಂದರೆ ಒಂದು ಕಾಲಕ್ಕೆ ಊರಿಗೆ ಆಟ ಬಂತು ಎಂದು ಅರ್ಥವಿತ್ತು.

ಇಂದಿನ ಪ್ರ್ಯಾಂಕ್ ವಿಡಿಯೊಗಳ ಜೀವಾಳ ಈ ಕತ್ತರಿಯೇ. 2019ರ ನವೆಂಬರಿನಲ್ಲಿ ಯಶವಂತಪುರದ ಬಳಿ ದೆವ್ವದ ವೇಷ ಹಾಕಿ ದಾರಿಹೋಕರನ್ನು ಹೆದರಿಸುತ್ತಿದ್ದ ಏಳು ಯುವಕರನ್ನು ಪೊಲೀಸರು ಹಿಡಿದಿದ್ದರು. ರಾತ್ರಿ ಪಾಳಿಯ ಆಟೊ ಚಾಲಕನ ಎದೆಬಡಿತ ಅವರಿಗೆ ಸರಕು.

ಕೆಣಕಾಟವೇ ತಪ್ಪು ಎನ್ನುವವರು ಹೋಳಿ ಹುಣ್ಣಿಮೆಗೆ ರಾಣೆಬೆನ್ನೂರಿಗೆ ಹೋಗಬೇಕು. ಅಲ್ಲಿ ಜೀವಂತ ರತಿ-ಕಾಮರನ್ನು ಕೂಡಿಸುತ್ತಾರೆ. ಇಬ್ಬರೂ ಗಂಡಸರು, ಒಬ್ಬನಿಗೆ ಸೀರೆ, ಬಳೆ, ಮುಡಿತುಂಬ ಹೂವು. ಅವರನ್ನು ನಗಿಸಿದವರಿಗೆ ದೊಡ್ಡ ಮೊತ್ತದ ಬಹುಮಾನ. ಜನ ಸರತಿಯಲ್ಲಿ ಬಂದು ಅಣಕ, ಪೋಲಿ ಮಾತು, ರಾಜಕಾರಣಿಯ ದನಿ, ಬಿಕ್ಕಿಬಿಕ್ಕಿ ಅಳು, ಎಲ್ಲ ಅಸ್ತ್ರ ಬಿಡುತ್ತಾರೆ. ಕಾಮಣ್ಣ ಮಾತ್ರ ಕಲ್ಲು. ಇಲ್ಲಿ ಕೆಣಕಿಸಿಕೊಳ್ಳುವವನು ಒಪ್ಪಿ ಕೂತಿದ್ದಾನೆ. ಕಡೆಗೆ ಪೇಚಿಗೆ ಬೀಳುವುದು ನಗಿಸಲು ಬಂದ ಜಾಣನೇ, ಅದೂ ಊರೆಲ್ಲರ ಎದುರಿಗೆ.

ಇದಕ್ಕೆ ತದ್ವಿರುದ್ಧವಾದದ್ದು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಡಿದ ಕಿರುಪ್ರಹಸನ. ಮೀಸಲಾತಿ, ಮೇಲ್ಜಾತಿ ಹುಡುಗಿಯನ್ನು ಒಲಿಸಲು ಹೋಗುವ ದಲಿತ ಹುಡುಗ, ಅಂಬೇಡ್ಕರರ ಹೆಸರಿನ ಮೇಲೆ ಬಿಯರಿನ ಶ್ಲೇಷೆ. ವಿಡಿಯೊ ಹಬ್ಬಿತು, ಪ್ರತಿಭಟನೆ ಎದ್ದಿತು, ಬಂಧನಗಳಾದವು. ಮುಂದೆ ಹೈಕೋರ್ಟ್ ಪ್ರಕರಣ ರದ್ದುಮಾಡಿತು. ಕಾಲೇಜು ಹುಡುಗರನ್ನು ಕೆಟ್ಟ ಜೋಕಿಗಾಗಿ ಜೈಲಿಗೆ ಹಾಕಬಾರದು, ಅಷ್ಟು ಸರಿ. ಜೋಕು ಒಳ್ಳೆಯದಿತ್ತು ಎಂದು ನ್ಯಾಯಾಲಯವೇನೂ ಪ್ರಮಾಣಪತ್ರ ಕೊಟ್ಟಿಲ್ಲ. ಪೂರ್ವಗ್ರಹವನ್ನು ಹಾಸ್ಯ ಮಾಡುತ್ತೇವೆ ಎಂದು ಹೊರಟವರು ಪೂರ್ವಗ್ರಹವನ್ನೇ ಮೈಕಿನಲ್ಲಿ ಓದಿದ್ದರು. ಅವರು ಯಾರ ವೇಷ ಹಾಕಿದರೋ ಅವರು ಕಾಮಣ್ಣನ ಹಾಗೆ ಒಪ್ಪಿ ಕೂತವರಲ್ಲ.

ನಗೆಯೇ ಇಲ್ಲದ ಒಂದು ಪ್ರ್ಯಾಂಕ್ ಕೂಡ ಈ ದೇಶದಲ್ಲಿ ನಡೆದಿದೆ. ಅರ್ಥಶಾಸ್ತ್ರಜ್ಞ ಸುಖದೇವ ಥೋರಾಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟೆವೆಲ್ ಪತ್ರಿಕೆಯ ನೌಕರಿ ಜಾಹೀರಾತುಗಳಿಗೆ ಸುಳ್ಳು ಅರ್ಜಿಗಳನ್ನು ಕಳಿಸಿದರು. ಓದು, ಅನುಭವ ಸರಿಸಮ, ಹೆಸರು ಮಾತ್ರ ಬೇರೆ: ಮೇಲ್ಜಾತಿಯ ಹಿಂದೂ, ದಲಿತ, ಮುಸ್ಲಿಂ. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅವರ ಲೇಖನ ಯಾವ ಕಂಪನಿಯನ್ನೂ ಬೀದಿಗೆ ಎಳೆದು ನಗೆಪಾಟಲು ಮಾಡಲಿಲ್ಲ. ನ್ಯಾಯವಾದ ಕೆಣಕಾಟ, ಆದರೆ ಓದಿದವರು ಪ್ರಾಧ್ಯಾಪಕರು ಮಾತ್ರ.

ಈ ಕೆಣಕಾಟವನ್ನು ಹೋಳಿಯಲ್ಲಿ ವೇಷದವರನ್ನು ಹೊತ್ತು ಊರು ಸುತ್ತುವ ಸೋಗಿನ ಬಂಡಿಗೆ ಹತ್ತಿಸುವವರು ಯಾರಾದರೂ ಬೇಕು. ಸರಕೇನೂ ದೂರದಲ್ಲಿಲ್ಲ. ಮನೋಳಿಯ ಹುಡುಗ ಓದಲು ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಖೋಲಿ ಕೇಳಿದರೆ ಮೊದಲು ಬರುವ ಪ್ರಶ್ನೆ, ‘ಅಡ್ಡಹೆಸರ ಏನ್ ತಮ್ಮಾ?’ ಬಂಡಿಯ ಮೇಲೆ ಒಬ್ಬ ಮನೆ ಮಾಲೀಕ, ಒಬ್ಬನೇ ಹುಡುಗ, ಮೂರು ಟೋಪಿ. ಪಾಟೀಲ ಅಂದರೆ ಖೋಲಿ ಖಾಲಿ ಐತಿ, ಚಹಾ ಕುಡೀತಿಯೇನು. ಮಾದರ ಅಂದರೆ ಈಗಷ್ಟ ಯಾರೋ ಮುಂಗಡ ಕೊಟ್ಟು ಹ್ವಾದ್ರಪಾ. ಮುಲ್ಲಾ ಅಂದರೆ ಮನೆಯೇ ಮಾರಾಟಕ್ಕೆ ಬಂದಿರುತ್ತದೆ. ಬಂಡಿ ನಿಲ್ಲಿಸಬೇಕಾದದ್ದು ‘ಖೋಲಿ ಬಾಡಿಗಿಗೆ ಐತಿ’ ಎಂಬ ಬೋರ್ಡು ಇರುವ ಮನೆಯ ಮುಂದೆ, ಮಾಲೀಕರು ಬಾಗಿಲಿಗೆ ಬಂದ ಮೇಲೆ. ಆಟ ಮುಗಿದ ಕೂಡಲೇ ಮೂರೂ ಟೋಪಿ ತೆಗೆದು, ಅವರ ಮುಂದೆಯೇ ಕೈಯೊಡ್ಡಿ ಹೋಳಿಯ ಪಟ್ಟಿ ಕೇಳಬೇಕು.