ಆಲೂಗಡ್ಡೆಯ ತವರಿನ ಉಳಿದ ಗೆಡ್ಡೆಗಳು

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲಿನಿಂದ ಹೊರಟ ಆಲೂಗಡ್ಡೆ ಇಂದು ಲೋಕದ ಅಡುಗೆಮನೆಗಳಲ್ಲೆಲ್ಲ ನೆಲೆಸಿದೆ. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ ಯುರೋಪನ್ನು ಸೇರಿದ ಅದು, 19ನೇ ಶತಮಾನದ ಪೂರ್ವಾರ್ಧದಲ್ಲಿ ನೀಲಗಿರಿಯ ಬೆಟ್ಟಗಳನ್ನೂ ಏರಿತು. ಆದರೆ ಅದೇ ತವರಿನ ಹೊಲಗಳಲ್ಲಿ ಅದರ ಮಗ್ಗುಲಲ್ಲೇ ಬೆಳೆದ ಓಕಾ, ಉಲ್ಲುಕೊ, ಮಾಶುವಾ ಎಂಬ ಗೆಡ್ಡೆಗಳ ಹೆಸರನ್ನು ಹೊರಗಿನವರು ಕೇಳಿದ್ದೇ ಕಡಿಮೆ. ಪೆರು, ಬೊಲಿವಿಯಾ ದೇಶಗಳ ಎತ್ತರದ ಊರುಗಳಲ್ಲಿ, ಕ್ವೆಚುವಾ ಮತ್ತು ಐಮಾರಾ ಭಾಷೆಗಳನ್ನಾಡುವ ರೈತರ ಮನೆಗಳಲ್ಲಿ, ಇವು ಇಂದಿಗೂ ಬಳಕೆಯಲ್ಲಿವೆ.

ಹೆಸರು ಹೊಸತಾದರೂ ಇವುಗಳ ಕುಲ ಕನ್ನಡದ ಮನೆಗಳಿಗೆ ತೀರ ಅಪರಿಚಿತವಲ್ಲ. ಓಕಾ ಅಂಗಳದಲ್ಲಿ ತಾನಾಗಿ ಹಬ್ಬುವ ಪುಲ್ಲಂಪುರಚಿಯ ಹತ್ತಿರದ ಬಂಧು. ಬಿಂಬುಳಿಯೂ ಧಾರೆಹುಳಿಯೂ ಅದೇ ಕುಟುಂಬದವು. ಆದುದರಿಂದಲೇ ಹಸಿ ಓಕಾ ಹುಳಿ. ಅಗೆದ ಗೆಡ್ಡೆಗಳನ್ನು ರೈತರು ಕೆಲವು ದಿನ ಬಿಸಿಲಿಗೆ ಹರವುತ್ತಾರೆ. ಹುಳಿ ತಗ್ಗಿ ಸಿಹಿ ಏರುತ್ತದೆ. ಉಲ್ಲುಕೊ ಬಸಳೆಯ ಕುಟುಂಬಕ್ಕೆ ಸೇರಿದ್ದು. ಬಸಳೆಯಂತೆ ಅದಕ್ಕೂ ಲೋಳೆಗುಣವುಂಟು, ಅದರ ಎಲೆಯನ್ನೂ ಸೊಪ್ಪಾಗಿ ಉಣ್ಣಬಹುದು. ಮಾಶುವಾ ಬಳ್ಳಿಯಾಗಿ ಹಬ್ಬುತ್ತದೆ. ಸಾಸಿವೆಯಲ್ಲಿರುವಂತಹ ಘಾಟು ಅದರ ಹಸಿ ಗೆಡ್ಡೆಯಲ್ಲಿದೆ. ಕೀಟಗಳನ್ನು ದೂರವಿಡುತ್ತದೆಂಬ ನಂಬಿಕೆಯಿಂದ ಅದನ್ನು ಇತರ ಗೆಡ್ಡೆಗಳ ನಡುವೆ ನೆಡುವ ವಾಡಿಕೆಯಿದೆ.

ಇಷ್ಟು ಗುಣಗಳಿದ್ದೂ ಇವು ಆಲೂಗಡ್ಡೆಯಂತೆ ಲೋಕಸಂಚಾರ ಮಾಡಲಿಲ್ಲವೇಕೆ? ಮುಖ್ಯ ಕಾರಣ ಹಗಲಿನ ಅಳತೆ. ಹಗಲು ಸುಮಾರು 12 ಗಂಟೆಗೆ ಇಳಿದ ಮೇಲೆಯೇ ಓಕಾ ಗಿಡ ಗೆಡ್ಡೆ ಕಟ್ಟಲು ತೊಡಗುತ್ತದೆ. ಯುರೋಪಿನಲ್ಲಿ ಹಗಲು ಆ ಅಳತೆಗೆ ಬರುವುದು ಸೆಪ್ಟೆಂಬರಿನ ಕೊನೆಗೆ. ಗೆಡ್ಡೆ ಬಲಿಯುವ ಮೊದಲೇ ಹಿಮ ಬಿದ್ದು ಗಿಡ ಸಾಯುತ್ತದೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಕ್ಷಾಮ ಬಂದ ಕಾಲದಲ್ಲಿ ಯುರೋಪಿನವರು ಬದಲಿ ಬೆಳೆಗಾಗಿ ಆಂಡಿಸ್‌ನ ಇತರ ಗೆಡ್ಡೆಗಳತ್ತ ನೋಡಿದರೂ ಫಲ ದೊರೆಯಲಿಲ್ಲ. ಆಲೂಗಡ್ಡೆಗೂ ಮೊದಲು ಇದೇ ಸ್ವಭಾವವಿತ್ತು. ನೀಳ ಹಗಲಿಗೆ ಹೊಂದುವ ತಳಿಗಳನ್ನು ಆರಿಸುತ್ತ ಬಂದುದರಿಂದ ಅದು ಅಲ್ಲಿ ಬದುಕಿತು.

ಕುಸ್ಕೊ ನಗರ ಭೂಮಧ್ಯರೇಖೆಗೆ ದಕ್ಷಿಣದಲ್ಲಿ 13 ಡಿಗ್ರಿಯ ಆಸುಪಾಸಿನಲ್ಲಿದೆ. ಕಾಸರಗೋಡು, ಹೊಸೂರುಗಳು ಉತ್ತರದಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿವೆ. ಹಗಲಿನ ಲೆಕ್ಕದಲ್ಲಿ ಈ ಊರುಗಳಿಗೆ ಅಡ್ಡಿಯಿಲ್ಲ. ಆದರೆ ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಪಿಗೆ ಒಗ್ಗಿದ ಗೆಡ್ಡೆಗಳಿಗೆ ಬಯಲಿನ ಸೆಖೆ ಆಗದು. ಕೆಳಗಿನ ಕಣಿವೆಗಳ ಬೆಳೆಗಳ ಮಾತು ಬೇರೆ. ಹೂವಿಗಾಗಿ ಬೆಳೆಸುವ ಕಾಬಾಳೆಯ ಜಾತಿಯದೇ ಆದ ಅಚೀರಾ ಬೆಚ್ಚನೆಯ ನಾಡುಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದರ ಗೆಡ್ಡೆಯ ಹಿಟ್ಟಿನಿಂದ ವಿಯೆಟ್ನಾಮಿನಲ್ಲಿ ಶಾವಿಗೆ ಮಾಡುತ್ತಾರೆ. ಸೂರ್ಯಕಾಂತಿಯ ಕುಟುಂಬದ ಯಾಕೋನ್ ನೇಪಾಳದ ಬೆಟ್ಟಗಳಲ್ಲಿ ‘ನೆಲದ ಸೇಬು’ ಎಂಬರ್ಥದ ಹೆಸರು ಪಡೆದಿದೆ. ರಸಭರಿತವಾದ ಅದನ್ನು ಹಣ್ಣಿನಂತೆ ಹಸಿಯಾಗಿಯೇ ತಿನ್ನುತ್ತಾರೆ. ಆದರೆ ತಿನ್ನುವ ಗೆಡ್ಡೆಯನ್ನೇ ಹೂಳಿದರೆ ಯಾಕೋನ್ ಚಿಗುರುವುದಿಲ್ಲ. ಕಾಂಡದ ಬುಡದಲ್ಲಿ ಮೊಗ್ಗುಗಳಿರುವ ಗಂಟನ್ನು ಬೇರ್ಪಡಿಸಿ ನೆಡಬೇಕು.

ಗೆಡ್ಡೆಯ ಕೃಷಿಯಲ್ಲಿ ಒಂದು ಕಷ್ಟವಿದೆ. ಕಾಳನ್ನು ಒಣಗಿಸಿಟ್ಟರೆ ಕೆಲವು ವರ್ಷ ಕಾಯುತ್ತದೆ, ಗೆಡ್ಡೆ ಕಾಯುವುದಿಲ್ಲ. ವರ್ಷವರ್ಷವೂ ಯಾರಾದರೂ ಅದನ್ನು ಮರಳಿ ನೆಡಲೇಬೇಕು. ಒಂದು ತಳಿ ಒಂದೇ ಮನೆಯಲ್ಲಿ ಉಳಿದಿದ್ದು, ಆ ಮನೆಯವರು ಪೇಟೆ ಸೇರಿದರೆ ತಳಿ ಅಲ್ಲಿಗೇ ಮುಗಿಯಿತು. ಸಾಲದುದಕ್ಕೆ, ನೆಟ್ಟ ಗೆಡ್ಡೆಯ ಮೂಲಕವೇ ವೈರಸ್ ರೋಗಗಳು ವರ್ಷದಿಂದ ವರ್ಷಕ್ಕೆ ಸಾಗಿ ಇಳುವರಿ ಕುಗ್ಗುತ್ತದೆ. ಪೆರುವಿನ ಲಿಮಾದಲ್ಲಿ 1971ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು ಇಂತಹ ತಳಿಗಳನ್ನು ಗಾಜಿನ ನಳಿಗೆಗಳಲ್ಲಿ ಸಣ್ಣ ಸಸಿಗಳಾಗಿ ಕಾಪಾಡುತ್ತಿದೆ. ಕುಸ್ಕೊ ಸಮೀಪದ ಪಿಸಾಕ್ ಪ್ರದೇಶದ ಕ್ವೆಚುವಾ ಸಮುದಾಯಗಳು 2004ರಲ್ಲಿ ಆ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು, ರೋಗಮುಕ್ತಗೊಳಿಸಿದ 400ಕ್ಕೂ ಹೆಚ್ಚು ಆಲೂಗಡ್ಡೆ ತಳಿಗಳನ್ನು ತಮ್ಮ ಹೊಲಗಳಿಗೆ ಮರಳಿ ತಂದುಕೊಂಡವು.

ಗೆಡ್ಡೆಯನ್ನು ನಳಿಗೆಯಲ್ಲಿ ಇಡಬಹುದು. ಅದರ ಸುತ್ತಲಿನ ತಿಳಿವಳಿಕೆಯನ್ನು ಇಡಲಾಗದು. ಮೈತುಂಬ ಗಂಟುಗಳಿರುವ ಒಂದು ಆಲೂಗಡ್ಡೆಗೆ ಕ್ವೆಚುವಾದಲ್ಲಿ ‘ಸೊಸೆಯನ್ನು ಅಳಿಸುವುದು’ ಎಂಬರ್ಥದ ಹೆಸರಿದೆ, ಅದರ ಸಿಪ್ಪೆ ತೆಗೆಯುವುದು ಅಷ್ಟು ಕಷ್ಟ. ಯಾವ ಗೆಡ್ಡೆ ಬಿಸಿಲಿಗೆ, ಯಾವುದು ಹಿಮಕ್ಕೆ, ಯಾವುದು ನೇರ ಒಲೆಗೆ ಎಂಬ ಅರಿವೆಲ್ಲ ಮನೆಯ ಹಿರಿಯರು ತಮ್ಮ ಮಾತಿನಲ್ಲೇ ಮಕ್ಕಳಿಗೆ ದಾಟಿಸಿದ್ದು. ಮಕ್ಕಳು ಆ ಮಾತನ್ನು ಬಿಟ್ಟರೆ ಹೆಸರು ಬರಿಯ ಸಂಖ್ಯೆಯಾಗುತ್ತದೆ.

ಗಡಿಯಾಚೆಯ ಕನ್ನಡ ಮನೆಗಳ ಹಿತ್ತಲಿಗೂ ಈ ಮಾತು ಸಲ್ಲುತ್ತದೆ. ಸಾಂಬ್ರಾಣಿ ಗೆಡ್ಡೆ, ಸುವರ್ಣಗೆಡ್ಡೆ, ಕೆಸು, ಮರಗೆಣಸು ಇವುಗಳ ಹೆಸರನ್ನು ಎಷ್ಟು ಮಕ್ಕಳು ಗಿಡ ನೋಡಿ ಹೇಳಬಲ್ಲರು? ಈ ಮಳೆಗಾಲದಲ್ಲಿ ಮಗುವೊಂದು ಅಜ್ಜಿಯ ಜೊತೆ ಹಿತ್ತಲಲ್ಲಿ ನಡೆದು, ನೆಟ್ಟ ಗೆಡ್ಡೆಗಳ ಹೆಸರು, ನೆಡುವ ತಿಂಗಳು, ತುರಿಕೆ ಕಳೆಯುವ ಉಪಾಯ, ಅಡುಗೆಯ ಬಗೆ ಇಷ್ಟನ್ನು ಕನ್ನಡದಲ್ಲೇ ಬರೆದುಕೊಳ್ಳಲಿ. ಮುಂದಿನ ವರ್ಷ ಒಂದು ಗೆಡ್ಡೆಯನ್ನಾದರೂ ತಾನೇ ನೆಡಲಿ.