ಬ್ಯಾಂಕು ಹೋಯಿತು, ಹೆಸರು ಉಳಿಯಿತು

ಬ್ಯಾಂಕೆಂದರೆ ಹಣವನ್ನಿಡುವ ಸ್ಥಳವೆಂಬುದು ಲೋಕರೂಢಿಯ ಮಾತು. ನನ್ನ ಎಣಿಕೆಯಲ್ಲಿ ಅದು ಮೊದಲು ನಂಬಿಕೆಯನ್ನಿಡುವ ಸ್ಥಳ. ಹಣ ಅದರ ಹಿಂದೆ ಬರತಕ್ಕದ್ದು. ಇದಕ್ಕೆ ದೂರದ ನಿದರ್ಶನ ಬೇಡ. ಬೆಂಗಳೂರಿನ ಮೈಸೂರು ಬ್ಯಾಂಕಿನ ಚರಿತ್ರೆಯೊಂದೇ ಸಾಕು.

ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲ. ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, 1913ರ ಅಕ್ಟೋಬರ್ 2ರಂದು, ಈ ಬ್ಯಾಂಕು ಜನ್ಮತಾಳಿತು. ಮುಹೂರ್ತ ಮಾತ್ರ ಶುಭವಾಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಲಾಹೋರಿನ ಪೀಪಲ್ಸ್ ಬ್ಯಾಂಕು ಬಾಗಿಲು ಮುಚ್ಚಿತ್ತು. ವರ್ಷ ಮುಗಿಯುವ ಮೊದಲೇ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಕುಸಿಯಿತು. ಸ್ವದೇಶೀಯರು ನಡೆಸುವ ಬ್ಯಾಂಕುಗಳಲ್ಲಿ ಹಣವಿಡುವುದೇ ಅವಿವೇಕವೆಂದು ಜನ ಅಂಜುತ್ತಿದ್ದ ಹೊತ್ತು ಅದು. ಅಂತಹ ಬಿರುಗಾಳಿಯಲ್ಲಿ ಹಚ್ಚಿದ ದೀಪ ಆರಲಿಲ್ಲ. ಸಂಸ್ಥಾನದ ಆಸರೆ ಅದಕ್ಕೆ ಒಂದು ಕಾರಣ. ಕೂಡಿಟ್ಟ ನಾಲ್ಕು ಕಾಸನ್ನು ಧೈರ್ಯಮಾಡಿ ತಂದಿಟ್ಟ ಜನಸಾಮಾನ್ಯರ ವಿಶ್ವಾಸ ಮತ್ತೊಂದು.

ಅದರ ಪ್ರಧಾನ ಕಚೇರಿ ನಿಂತ ಸ್ಥಳವೂ ಅರ್ಥವತ್ತಾದುದು. ಕೆಂಪೇಗೌಡನ ಊರಿನ ದೊಡ್ಡಪೇಟೆ, ಅಂದರೆ ಇಂದಿನ ಆವೆನ್ಯೂ ರಸ್ತೆ, ಉತ್ತರಕ್ಕೆ ಸಾಗಿ ಮುಗಿಯುವ ಕಡೆ ಅದು. ಪೇಟೆಯ ಕೋಟೆಗೆ ಯಲಹಂಕದ ಬಾಗಿಲಿದ್ದದ್ದು ಅಲ್ಲಿಯೇ. ಹಣವನ್ನು ಮಡಕೆಯಲ್ಲಿ ಹೂಳುವುದನ್ನೂ ಹುಂಡಿಯ ಸಾಹುಕಾರನನ್ನೂ ಬಲ್ಲ ಊರಿಗೆ, ಎದುರಿಗೆ ನಿಂತ ಭಾರಿ ಕಟ್ಟಡವೊಂದು "ನಾಳೆಯೂ ನಾನು ಇಲ್ಲಿಯೇ ಇರುತ್ತೇನೆ" ಎಂದು ಮೌನವಾಗಿ ಹೇಳಬೇಕಾಗಿತ್ತು. ಗೋಡೆಗಳು ಆ ಭರವಸೆಯ ಕೆಲಸವನ್ನು ಮಾಡಿದವು. ಮುಂದೆ ಆ ಚೌಕ ವ್ಯಾಪಾರಕ್ಕಷ್ಟೇ ಮೀಸಲಾಗಿ ಉಳಿಯಲಿಲ್ಲ. 1942ರ ಚಳವಳಿಯಲ್ಲಿ ಗುಂಡಿನೇಟು ನಡೆದು, ಸ್ವಾತಂತ್ರ್ಯಕ್ಕಾಗಿ ಪ್ರಾಣತೆತ್ತವರ ನೆನಪೂ ಆ ನೆಲಕ್ಕೆ ಸೇರಿತು.

1960ರಲ್ಲಿ ಬ್ಯಾಂಕು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. 2017ರ ಏಪ್ರಿಲ್ 1ರಂದು ಬೇರೆ ನಾಲ್ಕು ಸೋದರ ಬ್ಯಾಂಕುಗಳೊಡನೆ ಅದರಲ್ಲಿಯೇ ಲೀನವಾಯಿತು. ನದಿ ಸಮುದ್ರವನ್ನು ಸೇರುವುದು ಸಹಜವೆಂದು ಅರ್ಥಶಾಸ್ತ್ರಜ್ಞರು ಹೇಳಿಯಾರು. ಅವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ನದಿಯ ದಡದಲ್ಲಿ ಬೆಳೆದವರಿಗೆ ಅದರ ಹೆಸರು ಸಮುದ್ರಕ್ಕಿಂತ ಹತ್ತಿರದ್ದು. ಠೇವಣಿಯ ಲೆಕ್ಕವನ್ನು ಪೈಸೆಯೂ ತಪ್ಪದೆ ಹೊಸ ಪುಸ್ತಕಕ್ಕೆ ವರ್ಗಾಯಿಸಬಹುದು. ನೂರು ವರ್ಷಗಳ ವಿಶ್ವಾಸವನ್ನು ಯಾವ ಖಾತೆಗೆ ಜಮಾ ಮಾಡುವುದು?

ಆದುದರಿಂದ, ಹಳೆಯ ಕಟ್ಟಡವನ್ನು ಕೆಡವದೆ ಬಿಟ್ಟರೆ ನಮ್ಮ ಕರ್ತವ್ಯ ತೀರಿತೆಂದು ನಾನು ಒಪ್ಪಲಾರೆ. ಸುಣ್ಣಬಣ್ಣ ಕಂಡು ನೆನಪನ್ನು ಕಳೆದುಕೊಂಡ ಕಟ್ಟಡ ಬರಿಯ ಗೋಡೆ. ಯಾವ ರೈತ ಬಾವಿ ತೋಡಿಸಲು ಸಾಲ ಪಡೆದ, ಯಾವ ನೇಕಾರ ಮಗ್ಗ ಕೊಂಡ, ಯಾವ ವಿಧವೆ ಮಗನ ಓದಿಗೆಂದು ತಿಂಗಳು ತಿಂಗಳೂ ಹಣ ಕಟ್ಟಿದಳು ಎಂಬುದನ್ನು ತಿಳಿಸಬಲ್ಲುದು ಹಳೆಯ ಲೆಕ್ಕದ ಪುಸ್ತಕವೊಂದೇ. ಅರಸರ ಚರಿತ್ರೆ ಶಾಸನಗಳಲ್ಲಿದೆ. ಇಂತಹವರ ಚರಿತ್ರೆ ಇರುವುದು ಖಾತೆ ಕಿರ್ದಿಗಳಲ್ಲಿ. ಅವುಗಳನ್ನು ಗೆದ್ದಲಿಗೂ ಗುಜರಿಗೂ ಬಿಡದೆ ಜೋಪಾನಮಾಡಿ, ವ್ಯಕ್ತಿಗಳ ಗುಟ್ಟಿಗೆ ಭಂಗಬಾರದಂತೆ ವಿದ್ವಾಂಸರಿಗೆ ತೋರಿಸುವ ಏರ್ಪಾಡಿರಬೇಕು. ಕಟ್ಟಡದ ಒಂದು ಕೋಣೆಯಲ್ಲಿ ಬ್ಯಾಂಕಿನ ಕಥೆಯನ್ನು ಕನ್ನಡದಲ್ಲಿ ಬರೆದಿಟ್ಟು ಸಾರ್ವಜನಿಕರಿಗೆ ತೆರೆದಿಡಬೇಕು.

ಯಲಹಂಕದ ಬಾಗಿಲು ಅಳಿದು ಎಷ್ಟೋ ಕಾಲವಾಯಿತು. ಆದರೂ ಅದರ ಹೆಸರನ್ನು ಅಲ್ಲಿಯ ಆಂಜನೇಯ ಇಂದಿಗೂ ಹೊತ್ತು ನಿಂತಿದ್ದಾನೆ. ಆ ಚೌಕವನ್ನು ಜನ ಈಗಲೂ ಮೈಸೂರು ಬ್ಯಾಂಕೆಂದೇ ಕರೆಯುತ್ತಾರೆ. ಜನರ ನಾಲಿಗೆ ತನ್ನ ಋಣವನ್ನು ಸಲ್ಲಿಸುತ್ತಲೇ ಇದೆ. ಸಲ್ಲಿಸಬೇಕಾದವರು ಉಳಿದ ನಾವು.