ವಿಮಾನ ಚಾಲಕನ ಪರೀಕ್ಷೆಯೂ ನಮ್ಮ ತರುಣರೂ

2025ರ ಡಿಸೆಂಬರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನ ಸಂಚಾರಗಳು ರದ್ದಾಗಿ, ಮುಂಬಯಿ ನಿಲ್ದಾಣದಲ್ಲಿ ಪ್ರಯಾಣಿಕರು ಪಟ್ಟ ಬವಣೆಯನ್ನು ವಾಚಕರು ಮರೆತಿರಲಾರರು. ಚಾಲಕರ ವಿಶ್ರಾಂತಿಯ ಹೊಸ ನಿಯಮಗಳಿಗೆ ತಕ್ಕಷ್ಟು ಚಾಲಕರು ಸಿದ್ಧರಿಲ್ಲದಿದ್ದುದೇ ಅದಕ್ಕೆ ಮುಖ್ಯ ಕಾರಣವಾಗಿದ್ದಿತು. ಅದೇ ತಿಂಗಳ 25ರಿಂದ ನವಿ ಮುಂಬಯಿ ನಿಲ್ದಾಣದಲ್ಲಿಯೂ ಸಂಚಾರ ಮೊದಲಾಯಿತು. ಆದ್ದರಿಂದ ಚಾಲಕನಿಗೆ ಉದ್ಯೋಗವು ಕಟ್ಟಿಟ್ಟ ಬುತ್ತಿಯೆಂದು ಭಾವಿಸುವವರುಂಟು. ಇದು ಅರ್ಧಸತ್ಯ ಮಾತ್ರ.

ಭೌತಶಾಸ್ತ್ರ, ಗಣಿತಗಳೊಡನೆ ಹನ್ನೆರಡನೆಯ ತರಗತಿ, 200 ತಾಸುಗಳ ಹಾರಾಟ, ಲಕ್ಷಗಟ್ಟಲೆ ವೆಚ್ಚ, ಇಷ್ಟಾದರೆ ದೊರೆಯುವುದು ಪರವಾನಗಿ, ನೌಕರಿಯಲ್ಲ. ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನಕ್ಕೂ ಸಂದರ್ಶನ ಹಾಗೂ ಸಿಮ್ಯುಲೇಟರ್ ಪರೀಕ್ಷೆ ಇದ್ದೇ ಇವೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಹುಬ್ಬಳ್ಳಿಗೆ ಹಾರಿಸಿದ್ದೂ ಇಂತಹ ವಿಮಾನವನ್ನೇ.

ಸಿಮ್ಯುಲೇಟರಿನಲ್ಲಿ ನೆಲ ಬಿಟ್ಟೊಡನೆ ಒಂದು ಎಂಜಿನ್ ನಿಂತಿತೆನ್ನಿ. ಪರೀಕ್ಷಕನು ಸಾಹಸವನ್ನು ನೋಡುವುದಿಲ್ಲ. ದಿಕ್ಕು, ವೇಗಗಳನ್ನು ಕಾಯ್ದುಕೊಂಡನೇ? ಜೊತೆಗಾರನಿಗೆ ಸ್ಪಷ್ಟವಾಗಿ ಹೇಳಿದನೇ, ಅವನ ಮಾತನ್ನು ಕೇಳಿದನೇ? ತಪ್ಪಿದಾಗ ಒಪ್ಪಿ ತಿದ್ದಿಕೊಂಡನೇ? ನೋಡುವುದು ಇದನ್ನೇ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಒಂದು ಒಲೆ ಕೆಟ್ಟರೂ ಗದ್ದಲವಿಲ್ಲದೆ ಗಿರಾಕಿಗಳನ್ನು ಸುಧಾರಿಸುವ ನಮ್ಮ ಹೋಟೆಲು ಬಂಧುಗಳಿಗೆ ಈ ಗುಣ ಹೊಸದಲ್ಲ.

ಸಂದರ್ಶನದಲ್ಲಿಯೂ ಹವಾಮಾನ, ನಿಯಮ, ಯಂತ್ರಗಳ ಜ್ಞಾನದೊಡನೆ ಪ್ರಾಮಾಣಿಕತೆಯೇ ಬೇಕು. ತಿಳಿಯದುದನ್ನು ತಿಳಿಯದೆನ್ನುವುದು ಲಜ್ಜೆಯಲ್ಲ.

ಹೆತ್ತವರಿಗೆ ಒಂದೇ ಸೂಚನೆ: ಊರಿನ ಗದ್ದೆಯನ್ನು ಅಡವಿಡುವ ಮುನ್ನ ಮಗನ ಅಥವಾ ಮಗಳ ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಮುಗಿಯಲಿ. ಪರವಾನಗಿಯ ಬಳಿಕ ಕಾಯಬೇಕಾದ ದಿನಗಳಿಗೂ ಹಣ ಉಳಿದಿರಲಿ. ಆಕಾಶದ ಆಸೆ ತಪ್ಪಲ್ಲ. ಕಾಲೂರಲು ನೆಲವೂ ಇರಬೇಕು.